ಹೈಫನ್: ಇಂಗ್ಲಿಷ್ ಸಮಾಸಪದಗಳಲ್ಲಿ

ಹೈಫನ್ ಎಂಬುದು ಪದಗಳನ್ನು ಕೂಡಿಸಲು, ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಲು ಬಳಸುವ ಕಿರುಗೆರೆ. ಈ ಎರಡು ಕೆಲಸಗಳೂ ಒಂದೇ ಗೆರೆಯ ಪಾಲಿಗೆ ಬೇರೆ ಬೇರೆ ಕಾಲದಲ್ಲಿ ಬಂದವು.

ಹೆಸರಿನ ಮೂಲ ಗ್ರೀಕ್. ಅರ್ಥ 'ಒಂದರ ಅಡಿಯಲ್ಲಿ'. ಪದಗಳ ನಡುವೆ ತೆರಪು ಬಿಡದೆ ಬರೆಯುತ್ತಿದ್ದ ಕಾಲದಲ್ಲಿ, ಎರಡು ಭಾಗಗಳನ್ನು ಒಂದೇ ಪದವಾಗಿ ಓದಬೇಕೆಂದು ಸೂಚಿಸಲು ಗ್ರೀಕರು ಅಕ್ಷರಗಳ ಕೆಳಗೆ ಬಾಗಿದ ಗೆರೆ ಎಳೆಯುತ್ತಿದ್ದರು. ಮಧ್ಯಯುಗದ ಲಿಪಿಕಾರರು ಸಾಲಿನ ಅಂಚಿನಲ್ಲಿ ತುಂಡಾದ ಪದಕ್ಕೂ ಗೆರೆ ಹಾಕಿದರು. 1455ರ ಸುಮಾರಿನ ಗುಟೆನ್‌ಬರ್ಗ್ ಬೈಬಲ್‌ನಲ್ಲಿ ಬಲ ಅಂಚಿನುದ್ದಕ್ಕೂ ಇಂಥ ಓರೆ ಜೋಡಿಗೆರೆಗಳಿವೆ.

ಇಂಗ್ಲಿಷ್‌ನಲ್ಲಿ ಸಮಾಸವನ್ನು ಮೊದಲು ಗುರುತಿಸುವುದು ಕಿವಿ. ನಾಮಪದಗಳ ಸಮಾಸದಲ್ಲಿ ಮುಖ್ಯ ಒತ್ತು ಸಾಮಾನ್ಯವಾಗಿ ಪೂರ್ವಪದದ ಮೇಲೆ ಬೀಳುತ್ತದೆ. 'ಬ್ಲ್ಯಾಕ್' ಮೇಲೆ ಒತ್ತು ಕೊಟ್ಟು 'ಬ್ಲ್ಯಾಕ್‌ಬೋರ್ಡ್' ಎಂದರೆ ಶಾಲೆಯ ಕರಿಹಲಗೆ. ಒತ್ತು 'ಬೋರ್ಡ್' ಮೇಲೆ ಬಿದ್ದರೆ ಕಪ್ಪು ಬಣ್ಣದ ಯಾವುದೇ ಹಲಗೆ. ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ 1968ರಲ್ಲಿ ಇದನ್ನು ಸಮಾಸದ ಒತ್ತಿನ ನಿಯಮವಾಗಿ ನಿರೂಪಿಸಿದರು. ವಿಶೇಷಣಗಳಲ್ಲಿ ಒತ್ತು ಜಾಗ ಬದಲಿಸುವುದೂ ಉಂಟು: 'ವೆಲ್-ನೋನ್' ವಾಕ್ಯದ ಕೊನೆಯಲ್ಲಿ ಬಂದಾಗ 'ನೋನ್' ಗಟ್ಟಿ, ನಾಮಪದಕ್ಕೆ ಮೊದಲು ಬಂದಾಗ 'ವೆಲ್' ಗಟ್ಟಿ. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗದ ಕಾರಣ, ಕನ್ನಡಿಗರು ಈ ವ್ಯತ್ಯಾಸವನ್ನು ಕೇಳಿಯೇ ಕಲಿಯಬೇಕಾಗುತ್ತದೆ.

ಸಮಾಸದ ಕೂಡುಜಾಗ ಉಚ್ಚಾರಾಂಶದ ಎಲ್ಲೆಯೂ ಹೌದು. 'ನೈಟ್-ರೇಟ್' ಎಂಬ ರಾತ್ರಿ ದರದಲ್ಲಿ ಟಕಾರ ಮೊದಲ ಭಾಗಕ್ಕೆ ಸೇರುತ್ತದೆ. 'ನೈಟ್ರೇಟ್' ಎಂಬ ರಾಸಾಯನಿಕದಲ್ಲಿ ರಕಾರದೊಡನೆ ಬೆರೆಯುತ್ತದೆ. ಆದ್ದರಿಂದ ಹೈಫನ್ ಇರುವ ಪದವನ್ನು ಸಾಲಿನ ಕೊನೆಯಲ್ಲಿ ಆ ಹೈಫನ್ ಬಳಿಯೇ ಒಡೆಯುವುದು ಉತ್ತಮ ಮುದ್ರಣದ ಪದ್ಧತಿ. ಉಳಿದ ಪದಗಳ ವಿಭಜನೆಯಲ್ಲಿ ಬಹುಕಾಲ ಏಕಮತವಿರಲಿಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ 1783ರ ತಮ್ಮ ಕಾಗುಣಿತ ಪುಸ್ತಕದಲ್ಲಿ 'ಕ್ಲ-ಸ್ಟರ್' ಎಂಬ ಹಳೆಯ ವಿಭಜನೆಯನ್ನು ಬಿಟ್ಟು, ಉಚ್ಚಾರಣೆಗೆ ಒಪ್ಪುವ 'ಕ್ಲಸ್-ಟರ್' ಕ್ರಮವನ್ನು ತಂದರು. ಬ್ರಿಟಿಷ್ ಪದ್ಧತಿ ಪದದ ವ್ಯುತ್ಪತ್ತಿಗೆ ಹೆಚ್ಚು ಬೆಲೆ ಕೊಟ್ಟಿತು. 1983ರಲ್ಲಿ ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ಲಿನ್ ಲಿಯಾಂಗ್ ರೂಪಿಸಿದ ವಿಧಾನವು ಡೊನಾಲ್ಡ್ ಕ್ನೂತ್ ಅವರ ಅಕ್ಷರಜೋಡಣೆ ತಂತ್ರಾಂಶಕ್ಕೆ ಸೇರಿ, ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿತು.

ಅನೇಕ ಸಮಾಸಗಳು ಬಿಡಿಪದಗಳಾಗಿ ಹುಟ್ಟಿ, ಹೈಫನ್ ಪಡೆದು, ಕೊನೆಗೆ ಒಂದೇ ಪದವಾಗುತ್ತವೆ. 2007ರ ಷಾರ್ಟರ್ ಆಕ್ಸ್‌ಫರ್ಡ್ ನಿಘಂಟು ಸುಮಾರು 16,000 ಪದಗಳಿಂದ ಹೈಫನ್ ತೆಗೆದುಹಾಕಿತು. ದುಂಬಿಯ ಹೆಸರಾದ 'ಬಂಬಲ್-ಬೀ' ಆಗ 'ಬಂಬಲ್‌ಬೀ' ಆಯಿತು. ಒತ್ತು ಮಾತ್ರ ಇಂದಿಗೂ ಮೊದಲ ಉಚ್ಚಾರಾಂಶದ ಮೇಲೆಯೇ ಇದೆ.