ವಿಶ್ವವಿದ್ಯಾಲಯಗಳ ಪರಿಸರ ಹೆಜ್ಜೆಗುರುತು: ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳು, ಸಿಬ್ಬಂದಿ ಮತ್ತು ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳು ಉತ್ತರ ಕರ್ನಾಟಕದ ವಿದ್ಯಾಕೇಂದ್ರವೆಂದು ಹೆಸರಾಗಿವೆ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಅಸ್ತಿತ್ವಕ್ಕೆ ಬಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, 2009ರಲ್ಲಿ ನವನಗರದಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಭಾರತೀಯ ತಂತ್ರಜ್ಞಾನ ಸಂಸ್ಥೆ ಹಾಗೂ ವಿದ್ಯಾನಗರದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ ಇವುಗಳಲ್ಲಿ ಪ್ರಮುಖವಾದವು. ವಿದ್ಯಾರ್ಥಿಗಳು, ಅಧ್ಯಾಪಕರು, ಆಡಳಿತ ಸಿಬ್ಬಂದಿ ಮಾತ್ರವಲ್ಲದೆ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮುಂತಾದ ಸೇವೆಗಳಿಗಾಗಿ ನೆರೆಯ ಜಿಲ್ಲೆಗಳ ಸಾರ್ವಜನಿಕರೂ ಈ ಆವರಣಗಳಿಗೆ ಬಂದು ಹೋಗುತ್ತಾರೆ.

ಇಷ್ಟು ಜನರ ದೈನಂದಿನ ಬಳಕೆಗೆ ನೀರು, ವಿದ್ಯುತ್, ಇಂಧನ, ಆಹಾರ ಮತ್ತು ಕಾಗದ ಬೇಕಾಗುತ್ತವೆ. ಬಳಕೆ ನಡೆಯುವುದು ಆವರಣದ ಒಳಗೆ. ಅದರ ಭಾರ ಬೀಳುವುದು ಬಹುಪಾಲು ಆವರಣದ ಹೊರಗೆ. ನವಿಲುತೀರ್ಥದ ಜಲಾಶಯ, ಶಕ್ತಿನಗರ ಮತ್ತು ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಸುತ್ತಲಿನ ಗ್ರಾಮಗಳು, ನಗರದ ಕೆರೆಗಳು ಮತ್ತು ಕಸ ಸುರಿಯುವ ಸ್ಥಳದ ಪಕ್ಕದ ನಿವಾಸಿಗಳು ಈ ಭಾರವನ್ನು ಹೊರುತ್ತಾರೆ. ಆದುದರಿಂದ ವಿಶ್ವವಿದ್ಯಾಲಯದ ಮಿತಬಳಕೆಯು ಸಂಸ್ಥೆಯ ಆಂತರಿಕ ವಿಷಯವಷ್ಟೇ ಅಲ್ಲ, ಸಾರ್ವಜನಿಕ ಹಿತಾಸಕ್ತಿಯ ವಿಷಯವೂ ಆಗಿದೆ. ಈ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನೂ, ಸಂಬಂಧಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸುವ ಕ್ರಮವನ್ನೂ ಈ ಕೆಳಗೆ ನೀಡಲಾಗಿದೆ.

1. ಪರಿಸರ ಹೆಜ್ಜೆಗುರುತು ಎಂದರೇನು?

ಒಬ್ಬ ವ್ಯಕ್ತಿ, ಸಂಸ್ಥೆ ಅಥವಾ ನಗರವು ಬಳಸುವ ವಸ್ತುಗಳನ್ನು ಉತ್ಪಾದಿಸಲು ಹಾಗೂ ಹೊರಹಾಕುವ ತ್ಯಾಜ್ಯವನ್ನು ಅರಗಿಸಲು ಬೇಕಾಗುವ ಭೂಮಿ ಮತ್ತು ಜಲಪ್ರದೇಶದ ಒಟ್ಟು ವಿಸ್ತೀರ್ಣವನ್ನು ಪರಿಸರ ಹೆಜ್ಜೆಗುರುತು ಎನ್ನಲಾಗುತ್ತದೆ. 1990ರ ದಶಕದ ಆರಂಭದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರೀಸ್ ಮತ್ತು ಅವರ ವಿದ್ಯಾರ್ಥಿ ಮ್ಯಾಥಿಸ್ ವ್ಯಾಕರ್‌ನಾಗೆಲ್ ಈ ಪರಿಕಲ್ಪನೆಯನ್ನು ರೂಪಿಸಿದರು. ಇದು ಒಂದು ರೀತಿಯ ಜಮಾ-ಖರ್ಚಿನ ಲೆಕ್ಕ. ನಿಸರ್ಗವು ವರ್ಷದಲ್ಲಿ ಮರುಪೂರಣ ಮಾಡಬಲ್ಲದ್ದು ಜಮೆ. ಮನುಷ್ಯರು ಬಳಸಿದ್ದು ಖರ್ಚು. ಭಾರತದಲ್ಲಿ ತಲಾ ಹೆಜ್ಜೆಗುರುತು ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ ಇದೆ. ಆದರೂ ಜನಸಂಖ್ಯೆಗೆ ಹೋಲಿಸಿದರೆ ದೇಶದಲ್ಲಿ ಲಭ್ಯವಿರುವ ತಲಾ ಜಮೆ ಇನ್ನೂ ಕಡಿಮೆ ಇರುವುದರಿಂದ ಖರ್ಚು ಜಮೆಯನ್ನು ಮೀರಿದೆ.

2. ನೀರು

ಅವಳಿ ನಗರಗಳ ಕುಡಿಯುವ ನೀರಿನ ಮುಖ್ಯ ಮೂಲ ಮಲಪ್ರಭಾ ನದಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಅಲ್ಲಿಂದ ನೀರನ್ನು ಪಂಪ್‌ಗಳ ಮೂಲಕ ಎತ್ತಿ, ಅಮ್ಮಿನಬಾವಿಯಲ್ಲಿ ಶುದ್ಧೀಕರಿಸಿ, ನಗರಕ್ಕೆ ತರಲಾಗುತ್ತದೆ. ಇದೇ ಜಲಾಶಯವು ನವಲಗುಂದ, ನರಗುಂದ ಭಾಗದ ಹೊಲಗಳಿಗೂ ನೀರುಣಿಸಬೇಕು. ಹುಬ್ಬಳ್ಳಿಯ ಹಳೆಯ ಮೂಲವಾದ ಕಲಘಟಗಿ ತಾಲ್ಲೂಕಿನ ನೀರಸಾಗರ ಜಲಾಶಯವು 2016-17ರ ಬರಗಾಲದಲ್ಲಿ ಬತ್ತಿಹೋಗಿತ್ತು. ಅವಳಿ ನಗರಗಳ ಹಲವು ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ಮಾತ್ರ ನೀರು ಬಂದ ವರ್ಷಗಳೂ ಇವೆ.

ಮಹದಾಯಿ ಜಲವಿವಾದ ನ್ಯಾಯಮಂಡಳಿಯು ಆಗಸ್ಟ್ 2018ರಲ್ಲಿ ನೀಡಿದ ತೀರ್ಪಿನಲ್ಲಿ ಕಳಸಾ ಮತ್ತು ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಒಟ್ಟು 3.9 ಟಿ.ಎಂ.ಸಿ. ನೀರನ್ನು ಹಂಚಿಕೆ ಮಾಡಲಾಗಿದೆ. ಈ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಟ ನಡೆಸಿದ್ದಾರೆ. ಇಷ್ಟು ಶ್ರಮದಿಂದ ಬರುವ ನೀರು ವಸತಿ ನಿಲಯದ ತೊಟ್ಟಿಯಿಂದ ರಾತ್ರಿಯಿಡೀ ತುಂಬಿ ಹರಿದು ಹೋಗಬಾರದು.

ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರಬರಾಜಿನ ಮಾನದಂಡ. ಒಂದು ಸಾವಿರ ವಿದ್ಯಾರ್ಥಿಗಳು ತಲಾ ಒಂದು ಬಕೆಟ್, ಅಂದರೆ 20 ಲೀಟರ್ ಉಳಿಸಿದಲ್ಲಿ ದಿನಕ್ಕೆ 20,000 ಲೀಟರ್ ಉಳಿಯುತ್ತದೆ. ಇದು ಸುಮಾರು 148 ಜನರ ದಿನದ ಬೇಡಿಕೆಗೆ ಸಮ. ಈ ದಿಸೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

• ಸೋರುವ ನಲ್ಲಿ, ಪೈಪು ಮತ್ತು ತುಂಬಿ ಹರಿಯುವ ತೊಟ್ಟಿಗಳ ಬಗ್ಗೆ ವಸತಿ ನಿಲಯದಲ್ಲಿ ದೂರು ಪುಸ್ತಕ ಇರಿಸಿ, ದುರಸ್ತಿಯಾದ ದಿನಾಂಕವನ್ನೂ ಅದರಲ್ಲಿ ನಮೂದಿಸುವುದು.
• ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ನೀರಿನ ಮೀಟರ್ ಅಳವಡಿಸುವುದು. 2008ರಲ್ಲಿ ಅವಳಿ ನಗರಗಳ ಕೆಲವು ವಲಯಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆಯೂ ನೀರು ಪೂರೈಕೆ ಆರಂಭವಾದಾಗ, ಸೋರಿಕೆ ತಡೆ ಮತ್ತು ಮೀಟರ್ ಅಳವಡಿಕೆಯೇ ಅದಕ್ಕೆ ಆಧಾರವಾಗಿದ್ದವು.
• ಮಳೆನೀರು ಸಂಗ್ರಹಣೆ. 1,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದು, ಅದರ ಶೇ. 80ರಷ್ಟನ್ನು ಹಿಡಿದಿಟ್ಟರೆ 5,60,000 ಲೀಟರ್ ದೊರೆಯುತ್ತದೆ. ಇದು 100 ವಿದ್ಯಾರ್ಥಿಗಳ 41 ದಿನಗಳ ಬೇಡಿಕೆಯನ್ನು ಪೂರೈಸಬಲ್ಲದು.
• ಸ್ನಾನದ ಮನೆಯ ಬಳಕೆ ನೀರನ್ನು ಶೋಧಿಸಿ ಉದ್ಯಾನಕ್ಕೆ ಬಳಸುವುದು ಹಾಗೂ ಕೊಳಚೆ ನೀರು ಮಳೆನೀರಿನ ಚರಂಡಿಗೆ ಸೇರದಂತೆ ನೋಡಿಕೊಳ್ಳುವುದು. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅಂತರಗಂಗೆ ಕಳೆ ಹಬ್ಬಲು ಕೊಳಚೆ ನೀರಿನ ಸೇರ್ಪಡೆಯೇ ಪ್ರಮುಖ ಕಾರಣವಾಗಿದೆ.

3. ವಿದ್ಯುತ್

ಗ್ರಿಡ್‌ನಿಂದ ಪಡೆಯುವ ಪ್ರತಿ ಯೂನಿಟ್ ವಿದ್ಯುತ್ತಿನ ಉತ್ಪಾದನೆಯಲ್ಲಿ ದೇಶದ ಸರಾಸರಿಯಂತೆ ಸುಮಾರು 0.7 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ತರಗತಿ ಕೊಠಡಿಗಳಲ್ಲಿರುವ ಹಳೆಯ ಚಾವಣಿ ಪಂಖೆ ಸುಮಾರು 75 ವ್ಯಾಟ್ ಬಳಸಿದರೆ, ಹೊಸ ಮಿತವ್ಯಯದ ಪಂಖೆಗೆ ಸುಮಾರು 30 ವ್ಯಾಟ್ ಸಾಕು. ಇಂತಹ 100 ಪಂಖೆಗಳನ್ನು ಬದಲಾಯಿಸಿದಲ್ಲಿ, ದಿನಕ್ಕೆ 8 ಗಂಟೆಯಂತೆ 200 ಕೆಲಸದ ದಿನಗಳಲ್ಲಿ 7,200 ಯೂನಿಟ್ ಉಳಿತಾಯವಾಗುತ್ತದೆ. ಅಂದರೆ ಸುಮಾರು 5 ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಖಾಲಿ ಕೊಠಡಿಯ ದೀಪ-ಪಂಖೆಗಳನ್ನು ಆರಿಸಲು ಯಾವ ವೆಚ್ಚವೂ ಇಲ್ಲ. ಕೊನೆಯ ತರಗತಿ ಮುಗಿದ ನಂತರ ಈ ಹೊಣೆ ಯಾರದೆಂಬುದನ್ನು ಕೊಠಡಿಯ ಬಾಗಿಲ ಬಳಿ ಬರೆದು ಹಾಕುವುದು ಸೂಕ್ತ. ನೀರಿನ ಉಳಿತಾಯವೂ ವಿದ್ಯುತ್ತಿನ ಉಳಿತಾಯವೇ ಎಂಬುದನ್ನು ಮರೆಯಬಾರದು. ನವಿಲುತೀರ್ಥದಿಂದ ನೀರೆತ್ತಲು, ಅನಂತರ ಅದನ್ನು ಚಾವಣಿಯ ತೊಟ್ಟಿಗೆ ಏರಿಸಲು ವಿದ್ಯುತ್ ಬೇಕು.

4. ಸಂಚಾರ

ಧಾರವಾಡ-ಹುಬ್ಬಳ್ಳಿ ನಡುವಿನ ಅಂತರ ಸುಮಾರು 20 ಕಿ.ಮೀ. ಪ್ರತಿ ಲೀಟರಿಗೆ 45 ಕಿ.ಮೀ. ಓಡುವ ದ್ವಿಚಕ್ರ ವಾಹನದಲ್ಲಿ ಒಬ್ಬರೇ ದಿನವೂ ಹೋಗಿ ಬಂದರೆ ಸುಮಾರು 2 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 200 ದಿನಗಳಿಗೆ ಇದು 400 ಕಿ.ಗ್ರಾಂ. ಇದೇ ಅಂತರವನ್ನು 50 ಪ್ರಯಾಣಿಕರಿರುವ ಬಸ್ಸಿನಲ್ಲಿ ಕ್ರಮಿಸಿದಾಗ ಒಬ್ಬರ ಪಾಲಿಗೆ ಬರುವುದು ಇದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

2018ರಲ್ಲಿ ಪ್ರಾಯೋಗಿಕವಾಗಿ ಸಂಚಾರ ಆರಂಭಿಸಿ, 2020ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆ ವ್ಯವಸ್ಥೆಯ 'ಚಿಗರಿ' ಬಸ್ಸುಗಳು ವಿದ್ಯಾನಗರ ಮತ್ತು ನವನಗರದ ಮೂಲಕ ಸಾಗುತ್ತವೆ. ಆದರೆ ಕರ್ನಾಟಕ ವಿಶ್ವವಿದ್ಯಾಲಯದ ಪಾವಟೆ ನಗರ ಆವರಣವು ಈ ಮಾರ್ಗದಿಂದ ದೂರದಲ್ಲಿದೆ. ಬಸ್ಸಿಳಿದ ನಂತರದ ಈ ಕೊನೆಯ ಅಂತರಕ್ಕಾಗಿಯೇ ಹಲವರು ಮನೆಯಿಂದ ಸ್ವಂತ ವಾಹನ ತರುತ್ತಾರೆ. ತರಗತಿಗಳ ವೇಳೆಗೆ ಹೊಂದುವ ನಗರ ಬಸ್ಸುಗಳಿಗಾಗಿ ವಿಭಾಗವಾರು ಪ್ರಯಾಣಿಕರ ಸಂಖ್ಯೆಯೊಂದಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸಾಮೂಹಿಕ ಮನವಿ ಸಲ್ಲಿಸುವುದು, ಆವರಣದೊಳಗೆ ಸೈಕಲ್ ನಿಲುಗಡೆ ಮತ್ತು ನೆರಳಿನ ಕಾಲುದಾರಿ ಒದಗಿಸುವುದು ಪರಿಣಾಮಕಾರಿ ಕ್ರಮಗಳಾಗಿವೆ.

5. ಆಹಾರ ಮತ್ತು ತ್ಯಾಜ್ಯ

ಒಂದು ಸಾವಿರ ವಿದ್ಯಾರ್ಥಿಗಳು ಎರಡು ಹೊತ್ತಿನ ಊಟದಲ್ಲಿ ತಲಾ 50 ಗ್ರಾಂ ಬಿಟ್ಟರೂ ದಿನಕ್ಕೆ 100 ಕಿ.ಗ್ರಾಂ ಅನ್ನ-ಸಾರು ಕಸಕ್ಕೆ ಸೇರುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ದಿನಕ್ಕೆ 100 ಕಿ.ಗ್ರಾಂಗಿಂತ ಹೆಚ್ಚು ತ್ಯಾಜ್ಯ ಉತ್ಪಾದಿಸುವ ಸಂಸ್ಥೆಗಳನ್ನು, ವಿಶ್ವವಿದ್ಯಾಲಯಗಳೂ ಸೇರಿದಂತೆ, ಸಗಟು ತ್ಯಾಜ್ಯ ಉತ್ಪಾದಕರೆಂದು ಪರಿಗಣಿಸಲಾಯಿತು. ಏಪ್ರಿಲ್ 1, 2026ರಿಂದ ಜಾರಿಗೊಳಿಸಲಾದ ಹೊಸ ನಿಯಮಗಳಲ್ಲಿ ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ನಿಗಾ ತ್ಯಾಜ್ಯ ಎಂಬ ನಾಲ್ಕು ವಿಂಗಡಣೆಗಳನ್ನು ವಿಧಿಸಲಾಗಿದೆ. ಹಸಿ ಕಸವನ್ನು ಆವರಣದಲ್ಲೇ ಗೊಬ್ಬರವಾಗಿಸುವುದು ಉತ್ತಮ. ಎರೆಹುಳು ಗೊಬ್ಬರ ತಯಾರಿಕೆಯ ತಾಂತ್ರಿಕ ಮಾಹಿತಿಗೆ ದೂರ ಹೋಗಬೇಕಿಲ್ಲ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಸೈದಾಪುರದ ಕೃಷಿ ವಿಜ್ಞಾನ ಕೇಂದ್ರಗಳನ್ನು ಸಂಪರ್ಕಿಸಬಹುದು.

ಊಟದ ಆಯ್ಕೆಯೂ ಹೆಜ್ಜೆಗುರುತನ್ನು ನಿರ್ಧರಿಸುತ್ತದೆ. ಈ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ಕಾಲುವೆ ನೀರಿಲ್ಲದೆ, ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ಭತ್ತಕ್ಕೆ ಇದಕ್ಕಿಂತ ಬಹಳ ಹೆಚ್ಚಿನ ನೀರು ಬೇಕು. ವಸತಿ ನಿಲಯದ ಪಂಕ್ತಿಯಲ್ಲಿ ರೊಟ್ಟಿ-ಪಲ್ಯಕ್ಕೆ ಸ್ಥಾನ ಉಳಿದಷ್ಟೂ ನೀರು ಉಳಿಯುತ್ತದೆ. ಸುತ್ತಲಿನ ರೈತನ ಬೆಳೆಗೆ ಮಾರುಕಟ್ಟೆಯೂ ದೊರೆಯುತ್ತದೆ. ರಾಜ್ಯದಲ್ಲಿ ಮಾರ್ಚ್ 2016ರಿಂದ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಲಾಗಿದ್ದು, ಸಮಾರಂಭಗಳಲ್ಲಿ ತೊಳೆದು ಬಳಸುವ ಪಾತ್ರೆಗಳನ್ನು ಅಥವಾ ಎಲೆಗಳನ್ನು ಉಪಯೋಗಿಸತಕ್ಕದ್ದು.

6. ಕಾಗದ

ಕಾಗದದ ತಿರುಳು ಎಲ್ಲೋ ಒಂದು ಕಡೆಯ ನೆಲದಿಂದಲೇ ಬರಬೇಕು. ತಿರುಳಿನ ಉದ್ಯಮಕ್ಕಾಗಿ ಸಾಮುದಾಯಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಿದಾಗ, ಅಂದಿನ ಧಾರವಾಡ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನವೆಂಬರ್ 14, 1987ರಂದು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ದನ ಮೇಯಿಸುವ, ಸೌದೆ ತರುವ ನೆಲದ ಪ್ರಶ್ನೆ ಅದಾಗಿತ್ತು. ಆ ತಿರುಳು ರೇಯಾನ್ ನೂಲಿಗೆ ಮೀಸಲಾಗಿದ್ದರೂ, ಕಾಗದದ ಬೇಡಿಕೆಯೂ ಇದೇ ರೀತಿ ದೂರದ ಹಳ್ಳಿಯೊಂದರ ನೆಲವನ್ನು ಮುಟ್ಟುತ್ತದೆ.

250 ಪುಟಗಳ ಪ್ರಬಂಧದ 5 ಪ್ರತಿಗಳಿಗೆ ಒಂದೇ ಬದಿಯಲ್ಲಿ ಮುದ್ರಿಸಿದರೆ 1,250 ಹಾಳೆ, ಎರಡೂ ಬದಿಯಲ್ಲಿ ಮುದ್ರಿಸಿದರೆ 625 ಹಾಳೆ ಬೇಕು. ಯು.ಜಿ.ಸಿ.ಯ 2009ರ ನಿಯಮಾವಳಿಯನ್ವಯ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸುವ ಪದ್ಧತಿ ಬಂದಿದ್ದು, ಅವು 'ಶೋಧಗಂಗಾ' ಭಂಡಾರದಲ್ಲಿ ಲಭ್ಯವಾಗುತ್ತವೆ. ವಿಭಾಗಗಳು ಅಗತ್ಯಕ್ಕಿಂತ ಹೆಚ್ಚಿನ ಮುದ್ರಿತ ಪ್ರತಿಗಳನ್ನು ಕೇಳದಿರುವುದು ಅಪೇಕ್ಷಣೀಯ.

7. ಲೆಕ್ಕ ಇಡುವ ಕ್ರಮ

ಅಳತೆಯಿಲ್ಲದೆ ಉಳಿತಾಯವನ್ನು ತೋರಿಸಲಾಗದು. ಪ್ರತಿ ವಿಭಾಗ ಮತ್ತು ವಸತಿ ನಿಲಯವು ತಿಂಗಳಿಗೊಮ್ಮೆ ಐದು ಅಂಕಿಗಳನ್ನು ಒಂದೇ ವಹಿಯಲ್ಲಿ ದಾಖಲಿಸಿದರೆ ಸಾಕು:

(ಅ) ಬಳಸಿದ ವಿದ್ಯುತ್, ಯೂನಿಟ್‌ಗಳಲ್ಲಿ
(ಆ) ಬಳಸಿದ ನೀರು, ಸಾವಿರ ಲೀಟರ್‌ಗಳಲ್ಲಿ
(ಇ) ವಾಹನ ಮತ್ತು ಜನರೇಟರ್‌ಗಳ ಇಂಧನ, ಲೀಟರ್‌ಗಳಲ್ಲಿ
(ಈ) ಖರೀದಿಸಿದ ಕಾಗದ, ರೀಮುಗಳಲ್ಲಿ
(ಉ) ವಿಂಗಡಿಸಿದ ತ್ಯಾಜ್ಯ, ಕಿ.ಗ್ರಾಂಗಳಲ್ಲಿ

ಒಟ್ಟು ಮೊತ್ತವನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ತಲಾ ಬಳಕೆ ತಿಳಿಯಬೇಕು. ಹಿಂದಿನ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಿ, ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ನ್ಯಾಕ್ ಮೌಲ್ಯಮಾಪನದಲ್ಲಿ ಪರಿಸರ ಮತ್ತು ಇಂಧನ ಲೆಕ್ಕಪರಿಶೋಧನೆ, ಮಳೆನೀರು ಸಂಗ್ರಹಣೆ, ತ್ಯಾಜ್ಯ ನಿರ್ವಹಣೆಗಳನ್ನು ಪರಿಗಣಿಸುತ್ತ ಬಂದಿರುವುದರಿಂದ ಈ ವಹಿಯು ಸಂಸ್ಥೆಗೆ ಆ ಸಂದರ್ಭದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಪದವಿ ತರಗತಿಗಳ ಪರಿಸರ ಅಧ್ಯಯನ ವಿಷಯದ ಕ್ಷೇತ್ರಕಾರ್ಯವಾಗಿ ಇದನ್ನು ವಿದ್ಯಾರ್ಥಿಗಳಿಗೇ ವಹಿಸಬಹುದು.

8. ಯಾವ ಸೇವೆಗೆ ಯಾರನ್ನು ಸಂಪರ್ಕಿಸಬೇಕು?

• ಮರ ಕಡಿಯಲು ಅನುಮತಿ: ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಮರದ ಜಾತಿ, ಇರುವ ಸ್ಥಳ ಮತ್ತು ಕಾರಣಗಳನ್ನು ನಮೂದಿಸತಕ್ಕದ್ದು. ಕಟ್ಟಡದ ನಕ್ಷೆ ಅಂತಿಮಗೊಳ್ಳುವ ಮೊದಲೇ ಮರಗಳ ಪಟ್ಟಿ ಮಾಡಿದಲ್ಲಿ ಅನೇಕ ಮರಗಳನ್ನು ಉಳಿಸಿಕೊಳ್ಳಬಹುದು.
• ಸಸಿಗಳು: ಮಳೆಗಾಲಕ್ಕೆ ಮುನ್ನ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಗಳಲ್ಲಿ ವಿಚಾರಿಸಬೇಕು. ನೆಡುವ ಸಂಖ್ಯೆಗಿಂತ ಎರಡು ಬೇಸಿಗೆ ನೀರುಣಿಸುವ ವ್ಯವಸ್ಥೆ ಮುಖ್ಯ.
• ಚಾವಣಿ ಸೌರ ವಿದ್ಯುತ್: ಹೆಸ್ಕಾಂನ ಸಂಬಂಧಪಟ್ಟ ಉಪವಿಭಾಗಕ್ಕೆ ಅರ್ಜಿ ಸಲ್ಲಿಸಬೇಕು.
• ನೀರಿನ ಪೈಪು ಸೋರಿಕೆ, ಕಸ ಸಂಗ್ರಹಣೆ: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವಲಯ ಕಚೇರಿ.
• ಹಳೆಯ ಗಣಕಯಂತ್ರ ಮುಂತಾದ ಇ-ತ್ಯಾಜ್ಯ: 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ ಒಪ್ಪಿಸಿ ರಸೀದಿ ಪಡೆಯಬೇಕು, ಗುಜರಿಗೆ ಮಾರುವಂತಿಲ್ಲ.
• ಅಂಕಪಟ್ಟಿ, ಪರೀಕ್ಷಾ ಶುಲ್ಕ ಮುಂತಾದವು: ಧಾರವಾಡಕ್ಕೆ ಪ್ರಯಾಣ ಬೆಳೆಸುವ ಮೊದಲು, ಬೇಕಾದ ಸೇವೆ ಯು.ಯು.ಸಿ.ಎಂ.ಎಸ್. ಅಥವಾ ಡಿಜಿಲಾಕರ್ ಮೂಲಕ ದೊರೆಯುವುದೇ ಎಂದು ಪರಿಶೀಲಿಸಬೇಕು. ಇದರಿಂದ ಅರ್ಜಿದಾರರ ಒಂದು ದಿನದ ದುಡಿಮೆ, ಬಸ್ ವೆಚ್ಚ ಮತ್ತು ಇಂಧನ ಮೂರೂ ಉಳಿಯುತ್ತವೆ.

9. ಸಾರ್ವಜನಿಕರಲ್ಲಿ ಕೋರಿಕೆ

ಮೇಲ್ಕಂಡ ಕ್ರಮಗಳಲ್ಲಿ ಹೆಚ್ಚಿನವು ದೊಡ್ಡ ಅನುದಾನವನ್ನು ಬೇಡುವುದಿಲ್ಲ. ದೂರು ಪುಸ್ತಕ, ಮೀಟರ್ ವಾಚನ, ಎರಡು ಬದಿಯ ಮುದ್ರಣ, ತಟ್ಟೆಯಲ್ಲಿ ಅನ್ನ ಬಿಡದಿರುವುದು ಇವು ಯಾವುದೇ ದಿನ ಆರಂಭಿಸಬಹುದಾದ ಕಾರ್ಯಗಳು. ವಿಶ್ವವಿದ್ಯಾಲಯದಲ್ಲಿ ಉಳಿದ ನೀರು, ತಿಂಗಳಲ್ಲಿ ಕೆಲವೇ ದಿನ ನಲ್ಲಿ ಕಾಣುವ ಬಡಾವಣೆಗೂ, ಕಾಲುವೆಯ ಕೊನೆಯ ಹೊಲಕ್ಕೂ ಸಲ್ಲಬೇಕಾದ ನೀರಾಗಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ ಮತ್ತು ಅರ್ಜಿದಾರರು ಇದನ್ನು ಮನಗಂಡು ಸಹಕರಿಸಬೇಕಾಗಿ ಕೋರಲಾಗಿದೆ.