ಕಡಿಮೆ ಸಂಬಳಕ್ಕೆ ಸೈ ಅಂದವರು

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಬಾಸ್ಕೆಟ್‌ಬಾಲ್ ನೋಡದವರೂ ಧೈರ್ಯವಾಗಿ ಓದಬಹುದು. ಆಟದ ನಿಯಮ ಗೊತ್ತಿರಬೇಕಾಗಿಲ್ಲ, ತಿಂಗಳ ಕೊನೆಗೆ ಸಂಬಳ ಬರೋದು ಅಂದ್ರೇನು ಅಂತ ಗೊತ್ತಿದ್ರೆ ಸಾಕು :)

2024ರ ಜುಲೈನಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ಜೇಲನ್ ಬ್ರನ್ಸನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದ. ನಾಲ್ಕು ವರ್ಷಕ್ಕೆ 15.65 ಕೋಟಿ ಡಾಲರ್. ಇನ್ನೊಂದು ವರ್ಷ ಸುಮ್ಮನೆ ಕಾದಿದ್ದರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಡಾಲರ್ ಕೇಳುವ ಅವಕಾಶವಿತ್ತು. ಅಂದರೆ ಕಾಗದದ ಮೇಲೆ 11 ಕೋಟಿಗೂ ಹೆಚ್ಚು ಡಾಲರ್ ಬಿಟ್ಟುಕೊಟ್ಟ! ಒಂದು ವರ್ಷದ ವ್ಯತ್ಯಾಸ ಇದೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡರೂ ಅದು ಸಣ್ಣ ಮೊತ್ತ ಅಲ್ಲ. ಅಭಿಮಾನಿಗಳು ಅವನನ್ನು ಹೊತ್ತು ಕುಣಿದರು. "ನಿಜವಾದ ನಾಯಕ ಅಂದ್ರೆ ಇವನಪ್ಪಾ, ದುಡ್ಡಿನ ಮುಖ ನೋಡಲ್ಲ" ಅನ್ನೋ ಮಾತು ಎಲ್ಲೆಡೆ.

ಇರಬಹುದು. ಆದರೆ ಆಟಗಾರ ಸಂಬಳ ಬಿಟ್ಟುಕೊಡೋದು ಯಾವಾಗಿನಿಂದ ಇಷ್ಟು ದೊಡ್ಡ ಗುಣ ಆಯ್ತು? ಅವನು ಬಿಟ್ಟ ದುಡ್ಡು ಕೊನೆಗೆ ಯಾರ ಕೈ ಸೇರುತ್ತೆ? ಇದನ್ನು ಹುಡುಕುತ್ತಾ ಹೋದರೆ ಎನ್‌ಬಿಎ ಇತಿಹಾಸದಲ್ಲಿ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

1964ರ ಜನವರಿ 14, ಬಾಸ್ಟನ್. ಲೀಗ್‌ನ ಅತ್ಯುತ್ತಮ ಆಟಗಾರರೆಲ್ಲ ಸೇರಿ ಆಡುವ ಆಲ್‌ಸ್ಟಾರ್ ಪಂದ್ಯ. ಟಿವಿಯಲ್ಲಿ ನೇರಪ್ರಸಾರ ಬೇರೆ. ಆಟ ಶುರುವಾಗೋ ಹೊತ್ತಿಗೆ ಆಟಗಾರರು ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಪಿಂಚಣಿ ಕೊಡ್ತೀವಿ ಅಂತ ಮಾತು ಕೊಟ್ಟರೆ ಮಾತ್ರ ಆಟ, ಇಲ್ಲದಿದ್ದರೆ ಇಲ್ಲ! ಬಿಲ್ ರಸೆಲ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಆಸ್ಕರ್ ರಾಬರ್ಟ್‌ಸನ್ ಎಲ್ಲರೂ ಒಳಗೇ ಇದ್ದರು. ಕೊನೆಗೆ ಕಮಿಷನರ್ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೆಯೇ ಅವರು ಅಂಗಳಕ್ಕೆ ಇಳಿದದ್ದು.

ಆ ಕಾಲದಲ್ಲಿ ಆಟಗಾರನಿಗೆ ತನ್ನ ಬೆಲೆ ತಾನೇ ಹೇಳೋ ಹಕ್ಕೇ ಇರಲಿಲ್ಲ. ಒಪ್ಪಂದ ಮುಗಿದರೂ ಅವನು ಹಳೇ ತಂಡದ ಸ್ವತ್ತು. ಕೊಟ್ಟಷ್ಟು ತಗೋ, ಇಲ್ಲಾ ಮನೆಗೆ ಹೋಗು. ಇದರ ವಿರುದ್ಧ ಆಟಗಾರರ ಸಂಘದ ಅಧ್ಯಕ್ಷನಾಗಿದ್ದ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಕೋರ್ಟಿಗೆ ಹೋದರು. ರಾಜಿ ಆದದ್ದು 1976ರಲ್ಲಿ. ಅಷ್ಟರಲ್ಲಿ ರಾಬರ್ಟ್‌ಸನ್ ಆಟದಿಂದ ನಿವೃತ್ತನಾಗಿದ್ದ. ತಾನು ಗೆದ್ದುಕೊಟ್ಟದ್ದರ ಫಲ ಅವನಿಗೇ ಸಿಗಲಿಲ್ಲ. ಇವತ್ತು ಬ್ರನ್ಸನ್ 11 ಕೋಟಿ ಬಿಟ್ಟುಕೊಡಬಲ್ಲ ಅಂದರೆ, ಅದನ್ನು ಕೇಳೋ ಹಕ್ಕು ಮೊದಲು ಇರಬೇಕಲ್ವಾ? ಆ ಹಕ್ಕಿನ ಹಿಂದೆ ಈ ಮನುಷ್ಯನ ಆರು ವರ್ಷದ ಕೋರ್ಟ್ ಅಲೆದಾಟ ಇದೆ.

ಈಗ ಕಥೆಗೆ ತಿರುವು. 1980ರ ದಶಕದ ಶುರುವಿನಲ್ಲಿ ಎನ್‌ಬಿಎಯ ಹಲವು ತಂಡಗಳು ಮುಚ್ಚುವ ಸ್ಥಿತಿಗೆ ಬಂದಿದ್ದವು. 1983ರಲ್ಲಿ ಸಂಘವೂ ಮಾಲೀಕರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಲೀಗ್ ಆದಾಯದಲ್ಲಿ ಶೇಕಡ 53 ಆಟಗಾರರಿಗೆ ಗ್ಯಾರಂಟಿ. ಬದಲಿಗೆ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿ, ಅದೇ ಸ್ಯಾಲರಿ ಕ್ಯಾಪ್. 1984-85ರಲ್ಲಿ ಅದು 36 ಲಕ್ಷ ಡಾಲರ್. ನಮ್ಮ ಐಪಿಎಲ್ ಹರಾಜಿನ ಪರ್ಸ್ ಇದೆಯಲ್ಲ, ಹೆಚ್ಚೂಕಡಿಮೆ ಅದೇ ಐಡಿಯಾ. ಆದರೆ ಎನ್‌ಬಿಎ ಕ್ಯಾಪ್‌ನಲ್ಲಿ ಕಿಂಡಿಗಳು ಜಾಸ್ತಿ. ಮುಖ್ಯವಾದ ಕಿಂಡಿಗೆ ಲ್ಯಾರಿ ಬರ್ಡ್ ಹೆಸರೇ ಅಂಟಿಕೊಂಡಿದೆ. ಸ್ವಂತ ತಂಡದ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ದಾಟಬಹುದು ಅನ್ನೋದು ಅದು.

ಆ ಕಿಂಡಿಯಿಂದಲೇ 1997-98ರಲ್ಲಿ ಮೈಕಲ್ ಜೋರ್ಡಾನ್‌ಗೆ ಸುಮಾರು 3.31 ಕೋಟಿ ಡಾಲರ್ ಸಿಕ್ಕಿದ್ದು. ಆ ವರ್ಷ ಇಡೀ ತಂಡದ ಕ್ಯಾಪ್ ಎಷ್ಟು ಗೊತ್ತಾ? 2.69 ಕೋಟಿ!! ಒಬ್ಬನ ಸಂಬಳ ತಂಡದ ಮಿತಿಗಿಂತ ಹೆಚ್ಚು. ಮಾಲೀಕರಿಗೆ ಹೊಟ್ಟೆಯಲ್ಲಿ ಬೆಂಕಿ. ಮುಂದಿನ ವರ್ಷ ಬೀಗಮುದ್ರೆ ಹಾಕಿ ಕೂತರು, ಸೀಸನ್ 50 ಪಂದ್ಯಕ್ಕೆ ಇಳಿಯಿತು, ಕೊನೆಗೆ 1999ರಲ್ಲಿ ಒಬ್ಬೊಬ್ಬ ಆಟಗಾರನ ಸಂಬಳಕ್ಕೂ ಗರಿಷ್ಠ ಮಿತಿ ಬಂತು. ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಅವತ್ತಿನಿಂದ ದೊಡ್ಡ ಆಟಗಾರರೆಲ್ಲರೂ "ಪೂರ್ತಿ" ಸಂಬಳ ತಗೊಂಡರೂ ತಮ್ಮ ನಿಜವಾದ ಬೆಲೆಗಿಂತ ಕಡಿಮೆಗೇ ಆಡ್ತಾ ಇದ್ದಾರೆ. ಅಭಿಮಾನಿಗಳು ಹೊಗಳೋ ಪೇ ಕಟ್ ಅಂದರೆ ಕಡಿತದ ಮೇಲೆ ಇನ್ನೊಂದು ಕಡಿತ.

ಸರಿ, ಹಾಗೆ ಕಡಿತ ಮಾಡಿಕೊಂಡವರ ಕಥೆ ಏನಾಯ್ತು?

2003ರಲ್ಲಿ ಕಾರ್ಲ್ ಮಲೋನ್‌ಗೆ 40 ವರ್ಷ. ಯೂಟಾದಲ್ಲಿ ವರ್ಷಕ್ಕೆ 1.9 ಕೋಟಿಗೂ ಹೆಚ್ಚು ಡಾಲರ್ ತಗೊಳ್ತಿದ್ದವನು ಸುಮಾರು 15 ಲಕ್ಷಕ್ಕೆ ಲೇಕರ್ಸ್ ಸೇರಿದ. ಗ್ಯಾರಿ ಪೇಟನ್ ಕೂಡ ದೊಡ್ಡ ಕಡಿತಕ್ಕೆ ಒಪ್ಪಿ ಬಂದ. ಶಕೀಲ್ ಓನೀಲ್, ಕೋಬಿ ಬ್ರಯಂಟ್ ಜೊತೆ ಈ ಇಬ್ಬರು, ಇನ್ನೇನು ಬೇಕು? ಮಲೋನ್ ಮೊಣಕಾಲು ಕೈಕೊಟ್ಟಿತು. 2004ರ ಫೈನಲ್ಸ್‌ನಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ 4-1ರಿಂದ ಹೊಡೆದು ಹಾಕಿತು. ಮಲೋನ್ ಒಂದೂ ಪ್ರಶಸ್ತಿ ಇಲ್ಲದೆ ನಿವೃತ್ತನಾದ.

ಡಾಲಸ್‌ನ ಡರ್ಕ್ ನೊವಿಟ್‌ಸ್ಕಿ 2014ರಲ್ಲಿ ಇನ್ನೂ ದೊಡ್ಡದನ್ನು ಬಿಟ್ಟ. ಬೇರೆ ತಂಡಗಳು ನಾಲ್ಕು ವರ್ಷಕ್ಕೆ ಸುಮಾರು 9.7 ಕೋಟಿ ಡಾಲರ್ ಕೊಡಲು ತಯಾರಿದ್ದವು ಅಂತ ಆಗ ಸುದ್ದಿಯಾಗಿತ್ತು. ಅವನು ಮೂರು ವರ್ಷಕ್ಕೆ 2.5 ಕೋಟಿಗೆ ಡಾಲಸ್‌ನಲ್ಲೇ ಉಳಿದ. ಉಳಿದ ಜಾಗದಲ್ಲಿ ತಂಡ ಚಾಂಡ್ಲರ್ ಪಾರ್ಸನ್ಸ್‌ನನ್ನು ಮೂರು ವರ್ಷಕ್ಕೆ 4.6 ಕೋಟಿ ಕೊಟ್ಟು ತಂತು. ಅವನ ಮೊಣಕಾಲೂ ಕೈಕೊಟ್ಟಿತು. 2015ರಲ್ಲಿ ಡಿಆಂಡ್ರೆ ಜೋರ್ಡಾನ್ ಬರ್ತೀನಿ ಅಂತ ಒಪ್ಪಿ, ಸಹಿ ಹಾಕೋ ಹೊತ್ತಿಗೆ ಹಳೇ ತಂಡಕ್ಕೇ ವಾಪಸ್ ಹೋದ. 2011ರಲ್ಲಿ ಕಪ್ ಗೆದ್ದಿದ್ದ ಡರ್ಕ್, ಆಮೇಲೆ 2019ರಲ್ಲಿ ನಿವೃತ್ತನಾಗೋ ತನಕ ಪ್ಲೇಆಫ್‌ನ ಮೊದಲ ಸುತ್ತನ್ನೂ ದಾಟಲಿಲ್ಲ.

ಅದೇ ಸ್ಯಾನ್ ಆಂಟೋನಿಯೊದ ಟಿಮ್ ಡಂಕನ್ ನೋಡಿ. ಸುಮಾರು 2.1 ಕೋಟಿ ತಗೊಳ್ತಿದ್ದವನು 2012ರಲ್ಲಿ 1 ಕೋಟಿಗಿಂತ ಕೆಳಗಿಳಿದ. 2013ರ ಫೈನಲ್ಸ್‌ನ ಆರನೇ ಪಂದ್ಯ, ಇನ್ನು ಐದಾರು ಸೆಕೆಂಡು ಕಳೆದರೆ ಕಪ್ ಕೈಯಲ್ಲಿ. ಆಗ ಮಯಾಮಿಯ ರೇ ಆಲನ್ ಮೂಲೆಯಿಂದ ಮೂರು ಪಾಯಿಂಟ್ ಹೊಡೆದು ಸಮ ಮಾಡಿದ. ಪಂದ್ಯ ಹೋಯ್ತು, ಕಪ್ಪೂ ಹೋಯ್ತು. ತಮಾಷೆ ಏನಂದ್ರೆ, ಆ ರೇ ಆಲನ್ ಕೂಡ ಬಾಸ್ಟನ್ ಕೊಡ್ತೀನಿ ಅಂದದ್ದರ ಸುಮಾರು ಅರ್ಧ ಸಂಬಳಕ್ಕೆ ಮಯಾಮಿಗೆ ಬಂದವನು! ಒಬ್ಬನ ತ್ಯಾಗ ಇನ್ನೊಬ್ಬನ ತ್ಯಾಗವನ್ನು ನುಂಗಿ ಹಾಕಿತು. ಮರುವರ್ಷ, 2014ರಲ್ಲಿ ಡಂಕನ್ ತಂಡ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿತು ಅನ್ನಿ.

ಒಟ್ಟಿನಲ್ಲಿ ಮೂವರು ಮಾಡಿದ್ದು ಒಂದೇ ಕೆಲಸ, ಫಲ ಮಾತ್ರ ಬೇರೆ ಬೇರೆ. ಹಾಗಾಗಿ "ಸಂಬಳ ಬಿಟ್ಟ, ಕಪ್ ಗೆದ್ದ" ಅನ್ನೋ ಸರಳ ಸೂತ್ರ ಇಲ್ಲಿ ನಡೆಯಲ್ಲ.

ಮಯಾಮಿ ಅಂದೆನಲ್ಲ, ನನಗೆ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಕಾಡಿದ ಕಥೆ ಅಲ್ಲಿಯದೇ. 2010ರಲ್ಲಿ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಷ್ ಮೂವರೂ ಗರಿಷ್ಠಕ್ಕಿಂತ ಕಡಿಮೆಗೆ ಸಹಿ ಹಾಕಿದರು. ಅದರಲ್ಲೂ ವೇಡ್ ಎಲ್ಲರಿಗಿಂತ ಕಡಿಮೆ. ಅದರಿಂದ ಉಳಿದ ಜಾಗದಲ್ಲಿ ಮಯಾಮಿಯ ಲೋಕಲ್ ಹುಡುಗ ಯುಡೋನಿಸ್ ಹಾಸ್ಲೆಮ್ ತಂಡದಲ್ಲೇ ಉಳಿದ. ಅವನೂ ಬೇರೆ ಕಡೆಯ ದೊಡ್ಡ ಮೊತ್ತ ಬಿಟ್ಟವನೇ. 2012, 2013ರಲ್ಲಿ ಕಪ್ ಬಂತು. 2014ರಲ್ಲಿ ವೇಡ್ ಮತ್ತೆ ಎರಡು ವರ್ಷದ ಸುಮಾರು 4.2 ಕೋಟಿ ಬಿಟ್ಟ. ತಂಡ ಒಟ್ಟಿಗೆ ಉಳಿಯಲಿ ಅಂತ. ಆದರೆ ಲೆಬ್ರಾನ್ ಕ್ಲೀವ್‌ಲ್ಯಾಂಡ್‌ಗೆ ಹೊರಟೇ ಹೋದ. ಆಮೇಲೆ ವೇಡ್ 3.1 ಕೋಟಿಗೆ ಹೊಸ ಸಹಿ ಹಾಕಿದ.

2016ಕ್ಕೆ ಟಿವಿ ಹಕ್ಕಿನ ದುಡ್ಡು ಹೊಳೆಯಂತೆ ಬಂದು ಕ್ಯಾಪ್ 7 ಕೋಟಿಯಿಂದ 9.4 ಕೋಟಿಗೆ ಹಾರಿತು. ಈಗ ತನ್ನ ಸರದಿ ಅಂತ ವೇಡ್ ಅಂದುಕೊಂಡಿದ್ದರೆ ತಪ್ಪೇನಿಲ್ಲ. ಮಯಾಮಿ ಆ ಬೇಸಿಗೆಯಲ್ಲಿ ಹಸನ್ ವೈಟ್‌ಸೈಡ್‌ಗೆ ನಾಲ್ಕು ವರ್ಷಕ್ಕೆ ಸುಮಾರು 9.8 ಕೋಟಿ ಕೊಟ್ಟಿತು. ವೇಡ್ ಜೊತೆ ಮಾತ್ರ ಚೌಕಾಸಿ. ಹದಿಮೂರು ವರ್ಷ ಆಡಿ ಮೂರು ಕಪ್ ತಂದುಕೊಟ್ಟವನು ಎರಡು ವರ್ಷಕ್ಕೆ 4.7 ಕೋಟಿ ಕೊಡ್ತೀವಿ ಅಂದ ಶಿಕಾಗೋಗೆ ಹೋದ. (2018ರಲ್ಲಿ ವಾಪಸ್ ಬಂದು ಮಯಾಮಿಯಲ್ಲೇ ನಿವೃತ್ತನಾದ, ಅದು ಬೇರೆ ಮಾತು.)

ವೇಡ್ "ನಾನು ಆಗ ಬಿಟ್ಟಿದ್ದನ್ನು ಈಗ ಕೊಡಿ" ಅಂತ ಕೇಳೋ ಹಾಗೇ ಇರಲಿಲ್ಲ. ಯಾಕೆ ಅಂದರೆ ಅಂಥ ಮಾತು ಕೊಡೋದೇ ಅಪರಾಧ. ಇದಕ್ಕೊಂದು ಹಳೇ ಉದಾಹರಣೆ ಇದೆ. ಮಿನೆಸೋಟ ತಂಡ ಜೋ ಸ್ಮಿತ್ ಅನ್ನೋ ಆಟಗಾರನಿಗೆ, ಕೆಲವು ವರ್ಷ ಕಡಿಮೆ ಸಂಬಳಕ್ಕೆ ಆಡು, ಆಮೇಲೆ ದೊಡ್ಡ ಒಪ್ಪಂದ ಕೊಡ್ತೀವಿ ಅಂತ ಗುಟ್ಟಾಗಿ ಬರೆದುಕೊಟ್ಟಿತ್ತು. 2000ದಲ್ಲಿ ಕಾಗದ ಹೊರಬಿತ್ತು. ಲೀಗ್ 35 ಲಕ್ಷ ಡಾಲರ್ ದಂಡ ಹಾಕಿತು, ಐದು ಡ್ರಾಫ್ಟ್ ಅವಕಾಶ ಕಿತ್ತುಕೊಂಡಿತು (ಆಮೇಲೆ ಎರಡು ವಾಪಸ್ ಕೊಟ್ಟಿತು), ಸ್ಮಿತ್‌ನ ಒಪ್ಪಂದವನ್ನೇ ರದ್ದು ಮಾಡಿತು. ನಿಯಮದ ದೃಷ್ಟಿಯಿಂದ ಇದು ಸರಿಯೇ, ಇಲ್ಲದಿದ್ದರೆ ಕ್ಯಾಪ್‌ಗೆ ಅರ್ಥ ಇರಲ್ಲ. ಆದರೆ ಪರಿಣಾಮ ನೋಡಿ. ಬರೆದುಕೊಟ್ಟರೆ ಮೋಸ, ಬರೆದುಕೊಡದಿದ್ದರೆ ಬರೀ ನಂಬಿಕೆ. ಆಟಗಾರ ಬಿಡೋದು ಕಪ್ಪು ಬಿಳುಪಿನಲ್ಲಿ ದಾಖಲಾಗುತ್ತೆ, ಅವನಿಗೆ ಬರಬೇಕಾದ್ದು ಎಲ್ಲೂ ದಾಖಲಾಗಲ್ಲ!

ಇನ್ನು ದುಡ್ಡಿನ ಲೆಕ್ಕ. 2011ರ ಒಪ್ಪಂದದಿಂದ ಲೀಗ್ ಆದಾಯದಲ್ಲಿ ಆಟಗಾರರ ಪಾಲು ಶೇಕಡ 57ರಿಂದ ಸುಮಾರು 50ಕ್ಕೆ ಇಳಿಯಿತು. ಆ ಪಾಲು ಒಟ್ಟಾರೆ ನಿಗದಿ. ಸಂಬಳಗಳೆಲ್ಲ ಕೂಡಿ ಅಷ್ಟು ಆಗದಿದ್ದರೆ ಕೊರತೆಯನ್ನು ಆಟಗಾರರಿಗೇ ಹಂಚಬೇಕು. ಹಾಗಾಗಿ ಒಬ್ಬ ಬಿಟ್ಟದ್ದು ಬಹುಪಾಲು ಬೇರೆ ಆಟಗಾರರಿಗೇ ಹೋಗುತ್ತೆ. ಇದು ಒಳ್ಳೇದೇ. ಮಾಲೀಕನ ಲಾಭ ಬೇರೆ ದಾರಿಯಲ್ಲಿ ಬರುತ್ತೆ. ಉದಾಹರಣೆಗೆ ಮಾರ್ಕ್ ಕ್ಯೂಬನ್ 2000ದಲ್ಲಿ ಡಾಲಸ್ ತಂಡವನ್ನು ಕೊಂಡದ್ದು ಸುಮಾರು 28.5 ಕೋಟಿ ಡಾಲರ್‌ಗೆ. 2023ರಲ್ಲಿ ಬಹುಪಾಲು ಷೇರು ಮಾರಿದಾಗ ತಂಡದ ಬೆಲೆ ಸುಮಾರು 350 ಕೋಟಿ ಡಾಲರ್. ಆ ಇಪ್ಪತ್ತಮೂರು ವರ್ಷದಲ್ಲಿ ಹತ್ತೊಂಬತ್ತು ವರ್ಷ ಆ ತಂಡದ ಮುಖ ಅಂದರೆ ಡರ್ಕ್. ಕ್ಯಾಪ್ ಇರೋದು ಆಟಗಾರನ ಸಂಬಳಕ್ಕೆ. ತಂಡದ ಬೆಲೆಗೆ ಯಾವ ಕ್ಯಾಪೂ ಇಲ್ಲ.

ಇದನ್ನು ಮರೆತಾಗಲೇ ಕೋಬಿಯಂಥವರು ಖಳನಾಯಕರಾಗೋದು. 2013ರ ನವೆಂಬರ್‌ನಲ್ಲಿ, ಹಿಮ್ಮಡಿಯ ನರ ಹರಿದು ಚೇತರಿಸಿಕೊಳ್ತಿದ್ದಾಗ, ಅವನು ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ಗೆ ಸಹಿ ಹಾಕಿದ. ಆಮೇಲೆ ಲೇಕರ್ಸ್ ಸೋತು ಸುಣ್ಣವಾಯ್ತು, 2015-16ರಲ್ಲಿ 82ರಲ್ಲಿ ಗೆದ್ದದ್ದು ಬರೀ 17. ಡಂಕನ್‌ನನ್ನು ನೋಡಿ ಕಲಿ ಅಂತ ಎಲ್ಲರೂ ಬೈದರು. ಆದರೆ ಆ ಮೊತ್ತ ಕೊಟ್ಟದ್ದು ತಂಡವೇ, ಮಿತಿ ಹಾಕಿದ್ದು ಲೀಗೇ. ಬೈಗುಳ ಮಾತ್ರ ಸಂಬಳ ತಗೊಂಡವನಿಗೆ.

2020ರ ಲಾಕ್‌ಡೌನ್ ಹೊತ್ತಲ್ಲಿ ನಾನಿದ್ದ ಕಂಪನಿಯಲ್ಲೂ "ಸ್ವಯಂಪ್ರೇರಿತ" ಸಂಬಳ ಕಡಿತದ ಒಂದು ಆನ್‌ಲೈನ್ ಫಾರ್ಮ್ ಬಂದಿತ್ತು. ಫಾರ್ಮಿನಲ್ಲಿ ಇದ್ದದ್ದು ಒಂದೇ ಬಟನ್, "ಒಪ್ಪಿದ್ದೇನೆ" ಅಂತ :) ಕೋಟಿ ಡಾಲರ್ ಆಟಗಾರರಿಗೂ ನಮಗೂ ಹೋಲಿಕೆ ಇಲ್ಲ ಬಿಡಿ. ಆದರೆ ಎರಡನೇ ಬಟನ್ ಇಲ್ಲದ ಫಾರ್ಮಿಗೆ ತ್ಯಾಗ ಅನ್ನೋ ಹೆಸರು ಸಲ್ಲಲ್ಲ ಅನ್ನೋದು ಇಬ್ಬರಿಗೂ ಒಂದೇ.

ಡಂಕನ್, ಡರ್ಕ್, ವೇಡ್, ಬ್ರನ್ಸನ್, ಇವರೆಲ್ಲ ದೊಡ್ಡವರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅವರು ದೊಡ್ಡವರಾದದ್ದು ಬೇಡ ಅನ್ನೋ ಸ್ವಾತಂತ್ರ್ಯ ಇದ್ದೂ ಹೂಂ ಅಂದದ್ದಕ್ಕೆ. ಆ ಸ್ವಾತಂತ್ರ್ಯವನ್ನು ಅವರಿಗೆ ದುಡಿದು ಕೊಟ್ಟವರು 1964ರಲ್ಲಿ ಬಾಗಿಲು ಹಾಕಿಕೊಂಡು ಕೂತವರು, 1970ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರು. ಮುಂದಿನ ಸಲ ಯಾರಾದರೂ ಸಂಬಳ ಬಿಟ್ಟರು ಅಂತ ಸುದ್ದಿ ಬಂದಾಗ ಅವರಿಗೆ ಚಪ್ಪಾಳೆ ತಟ್ಟೋಣ. ಪೂರ್ತಿ ಸಂಬಳ ಕೇಳಿದವನಿಗೆ ಕಲ್ಲು ಹೊಡೆಯೋದು ಮಾತ್ರ ಬೇಡ.

ನೀವೇನಂತೀರಿ?