ಮಿದುಳಿನ ಗೆಡ್ಡೆಗಳ ಗಣನೆ

ಶರೀರದಲ್ಲಿ ಬೆಳೆಯುವ ಗೆಡ್ಡೆಗೆ ನಮ್ಮ ವೈದ್ಯಶಾಸ್ತ್ರದಲ್ಲಿ ಅರ್ಬುದವೆಂದು ಹೆಸರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದರ ಲಕ್ಷಣಗಳು ನಿರೂಪಿತವಾಗಿವೆ. ಆದರೆ ರೋಗದ ಲಕ್ಷಣವನ್ನರಿಯುವುದು ಬೇರೆ, ಅದು ಒಂದು ನಾಡಿನಲ್ಲಿ ಎಷ್ಟು ಜನರಿಗೆ ಬರುತ್ತದೆಂದು ಎಣಿಸುವುದು ಬೇರೆ. ಈ ಎರಡನೆಯ ಕಾರ್ಯವು ತೀರ ಈಚಿನದು. ಅದರಲ್ಲಿಯೂ ಮಿದುಳಿನ ಗೆಡ್ಡೆಗಳ ಲೆಕ್ಕವು ಬಹುಕಾಲ ಅಪೂರ್ಣವಾಗಿಯೇ ಉಳಿದಿತ್ತು.

ಅಮೇರಿಕದ ಬಾಸ್ಟನ್ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಹಾರ್ವೆ ಕುಷಿಂಗರು ತಾವು ಚಿಕಿತ್ಸೆ ಮಾಡಿದ ಪ್ರತಿಯೊಬ್ಬ ರೋಗಿಯ ವೃತ್ತಾಂತವನ್ನೂ ಜೋಪಾನವಾಗಿ ಬರೆದಿಡುತ್ತಿದ್ದರು. ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆಗೆ 1922ರಲ್ಲಿ ಮೆನಿಂಜಿಯೋಮವೆಂದು ಹೆಸರಿಟ್ಟವರು ಇವರೇ. 1932ರಲ್ಲಿ ಇವರು 2000 ಗೆಡ್ಡೆಗಳ ವಿವರವನ್ನು ಪ್ರಕಟಿಸಿದರು. ಮುಂದೆ ಈ ಸಂಗ್ರಹವು ಕನೆಕ್ಟಿಕಟ್ ಸಂಸ್ಥಾನದ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿತು. ಆದರೂ ಅದು ಒಬ್ಬ ವೈದ್ಯರಲ್ಲಿಗೆ ಬಂದವರ ಲೆಕ್ಕವೇ ಹೊರತು, ಬಾರದೆ ಮಡಿದವರ ಲೆಕ್ಕವಲ್ಲ.

ಅದೇ ಕನೆಕ್ಟಿಕಟ್ಟಿನಲ್ಲಿ 1941ರಲ್ಲಿ ಸಂಸ್ಥಾನದ ಸಮಸ್ತ ಪ್ರಜೆಗಳಿಗೂ ಅನ್ವಯಿಸುವ ಅರ್ಬುದ ರಿಜಿಸ್ಟರು ಏರ್ಪಟ್ಟು, 1935ರಿಂದೀಚಿನ ರೋಗಿಗಳೂ ಅದರಲ್ಲಿ ಸೇರಿಸಲ್ಪಟ್ಟರು. ಒಟ್ಟು ಜನಸಂಖ್ಯೆಯು ಗೊತ್ತಿದ್ದುದರಿಂದ, ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಯಾವ ಅರ್ಬುದವು ಬಂತೆಂದು ಹೇಳುವುದು ಸಾಧ್ಯವಾಯಿತು.

ಇಲ್ಲಿ ಒಂದು ತೊಡಕುಂಟು. ಇಂತಹ ರಿಜಿಸ್ಟರುಗಳು ಮುಖ್ಯವಾಗಿ ಕ್ಯಾನ್ಸರಿಗಾಗಿ, ಎಂದರೆ ಮಾರಕವಾದ ಅರ್ಬುದಗಳಿಗಾಗಿ, ಹುಟ್ಟಿದವು. ಹರಡದಿರುವ ಗೆಡ್ಡೆಗೆ ಸೌಮ್ಯವೆಂದು ಹೆಸರು. ಕೈಯಲ್ಲಿಯೋ ಬೆನ್ನಿನಲ್ಲಿಯೋ ಆದರೆ ಆ ಹೆಸರು ಸಾರ್ಥಕವೇ ಸರಿ. ತಲೆಬುರುಡೆಯೊಳಗಾದರೋ ಗೆಡ್ಡೆಗೆ ಬೆಳೆಯಲು ಎಡೆಯಿಲ್ಲ. ಅದು ಮಿದುಳನ್ನೇ ಒತ್ತಿ ದೃಷ್ಟಿಯನ್ನೂ ನಡೆಯನ್ನೂ ಕೊನೆಗೆ ಪ್ರಾಣವನ್ನೂ ಹರಿಸಬಲ್ಲುದು. ಮಿದುಳಿನ ಮತ್ತು ಅದರ ಸುತ್ತಣ ಗೆಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸೌಮ್ಯವರ್ಗದವೇ. ಕೆಲವು ರಿಜಿಸ್ಟರುಗಳು ಇವನ್ನು ಬರೆದುಕೊಂಡವು, ಕೆಲವು ಬಿಟ್ಟವು. ಹೀಗೆ ಹೆಸರಿನ ಸೌಮ್ಯತೆಯಿಂದಲೇ ಅನೇಕ ರೋಗಿಗಳು ಲೆಕ್ಕದಿಂದ ಹೊರಗುಳಿದರು. 2002ರಲ್ಲಿ ಅಮೇರಿಕವು ಕಾಯಿದೆಯನ್ನು ತಿದ್ದಿ, 2004ರ ಜನವರಿ 1ರಿಂದ ಪತ್ತೆಯಾದ ಸೌಮ್ಯ ಗೆಡ್ಡೆಗಳನ್ನೂ ನೋಂದಿಸತಕ್ಕದ್ದೆಂದು ವಿಧಿಸಿತು.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ 1982ರಲ್ಲಿ ಮುಂಬಯಿ, ಮದರಾಸುಗಳ ಜೊತೆಗೆ ಬೆಂಗಳೂರಿನಲ್ಲಿಯೂ, ಕಿದ್ವಾಯಿ ಸಂಸ್ಥೆಯ ಆಶ್ರಯದಲ್ಲಿ, ಇಂತಹ ಕ್ಯಾನ್ಸರ್ ರಿಜಿಸ್ಟರಿನ ಕೆಲಸವು ಮೊದಲಾಯಿತು. ಅದರ ನೌಕರರು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕಡತಗಳನ್ನು ಶೋಧಿಸುವರು. ಮರಣದ ದಾಖಲೆಗಳನ್ನೂ ನೋಡುವರು. ಒಬ್ಬನೇ ರೋಗಿಯು ಮೂರು ಕಡೆ ಚಿಕಿತ್ಸೆ ಪಡೆದಿದ್ದರೂ ಒಮ್ಮೆಯೇ ಎಣಿಸಬೇಕಾದುದರಿಂದ ಹೆಸರು, ವಯಸ್ಸು, ವಾಸಸ್ಥಳಗಳನ್ನು ತಾಳೆನೋಡುವುದು ಅವಶ್ಯಕ.

ಎಣಿಕೆಯು ಚಿಕಿತ್ಸೆಯಲ್ಲ, ನಿಜ. ಆದರೆ ಎಣಿಕೆಗೆ ಸಿಕ್ಕದ ರೋಗಿಯು ವೈದ್ಯರ ಸಂಶೋಧನೆಗೂ ಸರ್ಕಾರದ ವೆಚ್ಚಕ್ಕೂ ವಿಷಯವಾಗಲಾರನು. ಯಾವುದನ್ನು ಎಣಿಸಬೇಕೆಂದು ನಿಶ್ಚಯಿಸುವವರು ಯಾರ ನೋವನ್ನು ಲಕ್ಷಿಸಬೇಕೆಂಬುದನ್ನೂ ನಿಶ್ಚಯಿಸುತ್ತಾರೆಂಬುದೇ ಈ ಚರಿತ್ರೆಯ ಪಾಠವು.